ಯುದ್ಧದ ಆಜ್ಞೆ ಯಾರ ಕೈಯಲ್ಲಿರಬೇಕು?

ಎರಡು ವರ್ಷಕ್ಕೊಮ್ಮೆ ಫೆಬ್ರವರಿ ತಿಂಗಳಲ್ಲಿ ಯಲಹಂಕದ ಆಕಾಶ ಗುಡುಗುತ್ತದೆ. 1996ರಲ್ಲಿ ಆರಂಭವಾದ ಏರೋ ಇಂಡಿಯಾ ಪ್ರದರ್ಶನ ಅಲ್ಲಿನ ವಾಯುನೆಲೆಯಲ್ಲಿ ನಡೆಯುತ್ತದೆ. ಜಗತ್ತಿನ ಶಸ್ತ್ರಾಸ್ತ್ರ ವ್ಯಾಪಾರಿಗಳೆಲ್ಲ ಅಲ್ಲಿ ಮಳಿಗೆ ತೆರೆಯುತ್ತಾರೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ, ರಜೆ ಬಂದಾಗ ಯಶವಂತಪುರದಲ್ಲಿ ರೈಲು ಹತ್ತಿ ಊರಿಗೆ ಬರುವ ನಮ್ಮ ಮಲೆನಾಡಿನ ಮಕ್ಕಳು ಆ ವಿಮಾನಗಳನ್ನು ತಲೆಯೆತ್ತಿ ನೋಡುತ್ತಾರೆ. ವಿಮಾನದ ವೇಗವೆಷ್ಟು, ಬೆಲೆಯೆಷ್ಟು ಎಂದು ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಆದರೆ ಈ ವಿಮಾನಗಳನ್ನು ಇನ್ನೊಂದು ದೇಶದ ಮೇಲೆ ಹಾರಿಸಿರೆಂದು ಆಜ್ಞಾಪಿಸುವ ಹಕ್ಕು ಯಾರಿಗಿದೆ? ಆ ಹಕ್ಕಿಗೆ ಎಲ್ಲಿ ಗಡಿ ಹಾಕಲಾಗಿದೆ? ಈ ಪ್ರಶ್ನೆಯನ್ನು ಕೇಳುವವರು ವಿರಳ.

ಕಾಡು, ನದಿ, ಗೋಮಾಳಗಳ ಬಗ್ಗೆ ಬರೆಯುವ ಈ ಪತ್ರಿಕೆಗೆ ಯುದ್ಧದ ಉಸಾಬರಿ ಏಕೆ ಎಂದು ಕೆಲವು ಓದುಗರು ಕೇಳಬಹುದು. ಕಾರಣವಿದೆ. ಕಳೆದ ಕೆಲವು ದಶಕಗಳಲ್ಲಿ ನಾವು ಹೋರಾಡಿ ಕಲಿತ ಪಾಠ ಒಂದೇ: ಜನರ ಬದುಕನ್ನು ಬುಡಮೇಲು ಮಾಡುವ ತೀರ್ಮಾನವನ್ನು ಜನರನ್ನು ಕೇಳದೆ ಕೈಗೊಳ್ಳಬಾರದು. ಅಣೆಕಟ್ಟಾಗಲಿ, ಗಣಿಯಾಗಲಿ, ವಿದ್ಯುತ್ ಸ್ಥಾವರವಾಗಲಿ, ಅದಕ್ಕೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕೆಂದು ನಾವು ಹಠ ಹಿಡಿದೆವು. ಕೊರತೆಗಳಿದ್ದರೂ ಅದು ಕಾನೂನಿನಲ್ಲಿ ಸೇರಿತು. ಆದರೆ ಎಲ್ಲ ಯೋಜನೆಗಳಿಗಿಂತ ಹೆಚ್ಚು ಜೀವ, ನೆಲ, ಹಣ ನುಂಗುವ ಯುದ್ಧಕ್ಕೆ ಅಹವಾಲು ಸಭೆ ಇರಲಿ, ಜನರು ಚುನಾಯಿಸಿದ ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ. ನಮ್ಮ ಗಣರಾಜ್ಯದ ಈ ವಿಚಿತ್ರವನ್ನು ಹಳ್ಳಿಯ ಕಟ್ಟೆಯ ಮೇಲೂ ಕಾಲೇಜಿನ ಅಂಗಳದಲ್ಲೂ ಚರ್ಚಿಸುವ ಕಾಲ ಬಂದಿದೆ.

ವೈಸರಾಯ್ ಹೇಳಿದ, ದೇಶ ಯುದ್ಧಕ್ಕಿಳಿಯಿತು

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತವು ಜರ್ಮನಿಯ ವಿರುದ್ಧ ಯುದ್ಧದಲ್ಲಿದೆ ಎಂದು ಘೋಷಿಸಿದ. ಕೇಂದ್ರ ಶಾಸನಸಭೆಯನ್ನು ಕೇಳಲಿಲ್ಲ. ಪ್ರಾಂತಗಳಲ್ಲಿ ಆಳುತ್ತಿದ್ದ ಚುನಾಯಿತ ಸರ್ಕಾರಗಳನ್ನೂ ಕೇಳಲಿಲ್ಲ. ಸುಮಾರು 39 ಕೋಟಿ ಜನರ ದೇಶ ಒಬ್ಬನ ಮಾತಿನಿಂದ ಸಮರಕ್ಕಿಳಿಯಿತು. ಕಾಂಗ್ರೆಸ್ ಮಂತ್ರಿಮಂಡಲಗಳು ಅದೇ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಂದವು. 1940ರ ಅಕ್ಟೋಬರ್‌ನಲ್ಲಿ ವಿನೋಬಾ ಭಾವೆಯವರು ಮೊದಲ ವೈಯಕ್ತಿಕ ಸತ್ಯಾಗ್ರಹಿಯಾಗಿ ಯುದ್ಧದ ವಿರುದ್ಧ ಮಾತನಾಡಿ ಸೆರೆಮನೆಗೆ ಹೋದರು. ಹಿಟ್ಲರನ ಮೇಲೆ ಅವರಿಗೆ ಕನಿಕರವಿರಲಿಲ್ಲ. ನಮ್ಮನ್ನು ಕೇಳದೆ ನಮ್ಮ ಹೆಸರಿನಲ್ಲಿ ಯುದ್ಧ ಹೂಡಲು ನೀವು ಯಾರು ಎಂಬುದು ಅವರ ತಕರಾರಾಗಿತ್ತು.

ಆ ಒಂದು ಘೋಷಣೆಯ ಗುರುತುಗಳು ಉತ್ತರ ಬೆಂಗಳೂರಿನ ನೆಲದ ಮೇಲೂ ಬಿದ್ದವು. ಯಲಹಂಕದ ಬಯಲಿನಿಂದ ಬ್ರಿಟಿಷ್ ವಾಯುಪಡೆಯ ವಿಮಾನಗಳು ಹಾರಿದವು. ಜಾಲಹಳ್ಳಿಯ ಕಡೆ ಇಟಲಿಯ ಯುದ್ಧಕೈದಿಗಳ ಶಿಬಿರಗಳು ಎದ್ದವು. ಮೈಸೂರು ಸಂಸ್ಥಾನದ ರೈತನಿಗೂ ಇಟಲಿಯ ರೈತನಿಗೂ ಯಾವ ಜಗಳವಿತ್ತು? ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಮಂದಿ ಸೇರಿದ್ದರು. ರೈಲ್ವೆಗೆ, ಸೇನೆಗೆ ಬೇಕಾದ ಮರಮುಟ್ಟಿಗಾಗಿ ದೇಶದ ಕಾಡುಗಳನ್ನು ಮಿತಿಮೀರಿ ಕಡಿಯಲಾಯಿತು. ಎರಡು ಕೋಣಗಳು ಕಾದಾಡಿದರೆ ನಡುವೆ ನುಗ್ಗಾಗುವುದು ಗಿಡ ಎಂಬುದನ್ನು ದನ ಕಾಯುವವರಿಗೆ ಯಾರೂ ಕಲಿಸಬೇಕಾಗಿಲ್ಲ.

ಸಂವಿಧಾನದ ಮೌನ

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. ಆದರೆ ಯುದ್ಧ ಸಾರುವ ಅಧಿಕಾರ ಯಾರದು ಎಂದು ನೇರವಾಗಿ ಹೇಳುವ ಒಂದು ವಿಧಿಯೂ ನಮ್ಮ ಸಂವಿಧಾನದಲ್ಲಿ ಇಲ್ಲ. 53ನೇ ವಿಧಿಯ ಪ್ರಕಾರ ರಕ್ಷಣಾ ಪಡೆಗಳ ಸರ್ವೋಚ್ಚ ನಾಯಕತ್ವ ರಾಷ್ಟ್ರಪತಿಗಳದು. 74ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 'ಯುದ್ಧ ಮತ್ತು ಶಾಂತಿ' ಎಂಬ ವಿಷಯ 15ನೆಯದಾಗಿ ಸೇರಿದೆ. ಸಂಸತ್ತು ಕಾನೂನು ಮಾಡಬಹುದಾದ ವಿಷಯಗಳಿಗೆಲ್ಲ ಕೇಂದ್ರದ ಕಾರ್ಯಾಂಗದ ಅಧಿಕಾರ ಹರಡುತ್ತದೆ ಎಂದು 73ನೇ ವಿಧಿ ಹೇಳುತ್ತದೆ. ಇವನ್ನೆಲ್ಲ ಒಟ್ಟಿಗೆ ಓದಿದರೆ ಸಿಗುವ ಅರ್ಥವಿಷ್ಟೆ: ಸಂಪುಟ, ಅದರೊಳಗೂ ಪ್ರಧಾನಿ ಮತ್ತು ಭದ್ರತಾ ವ್ಯವಹಾರಗಳ ಸಂಪುಟ ಸಮಿತಿಯ ನಾಲ್ಕಾರು ಮಂದಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತು ದೇಶವನ್ನು ಯುದ್ಧಕ್ಕೆ ಕೊಂಡೊಯ್ಯಬಹುದು. ಸಂಸತ್ತಿಗೆ ನಂತರ ತಿಳಿಸಿದರೆ ಸಾಕು.

ಹಾಗಾದರೆ ಸಂವಿಧಾನ ರಚಿಸಿದವರು ಈ ಅಧಿಕಾರವನ್ನು ಕಟ್ಟಿಲ್ಲದೆ ಬಿಟ್ಟರೇ? 53ನೇ ವಿಧಿಯ ಎರಡನೇ ಉಪವಿಧಿಯನ್ನು ಕೊನೆಯವರೆಗೆ ಓದಬೇಕು. ಸರ್ವೋಚ್ಚ ನಾಯಕತ್ವದ ಚಲಾವಣೆಯು ಕಾನೂನಿನಿಂದ ನಿಯಂತ್ರಿತವಾಗಿರಬೇಕು ಎಂದು ಅದು ಹೇಳುತ್ತದೆ. ಕಾನೂನು ಮಾಡುವುದು ಸಂಸತ್ತು. ಬಾಗಿಲು ಅಲ್ಲೇ ಇದೆ. ಇಷ್ಟು ವರ್ಷಗಳಲ್ಲಿ ಯಾವ ಸಂಸತ್ತೂ ಅದನ್ನು ತಟ್ಟಲಿಲ್ಲ. 1950ರ ಭೂಸೇನಾ ಕಾಯ್ದೆ, ಅದೇ ವರ್ಷದ ವಾಯುಪಡೆ ಕಾಯ್ದೆ, 1957ರ ನೌಕಾಪಡೆ ಕಾಯ್ದೆ ಬಂದವು. ಸೈನಿಕನು ಆಜ್ಞೆ ಮೀರಿದರೆ ಏನು ಶಿಕ್ಷೆ ಎಂಬುದು ಅವುಗಳಲ್ಲಿ ವಿವರವಾಗಿದೆ. ಆಜ್ಞೆ ಕೊಡುವವರು ಯಾರನ್ನು ಕೇಳಿ ಕೊಡಬೇಕು ಎಂಬುದು ಯಾವುದರಲ್ಲೂ ಇಲ್ಲ. 2003ರ ಜನವರಿಯಲ್ಲಿ ಪ್ರಕಟವಾದ ಅಣ್ವಸ್ತ್ರ ನಿಯಂತ್ರಣ ವ್ಯವಸ್ಥೆಯೂ ಸಂಪುಟ ಸಮಿತಿಯ ತೀರ್ಮಾನದಿಂದ ಬಂದದ್ದು. ಭೂಮಿಯ ಒಂದು ಭಾಗವನ್ನೇ ಬರಡಾಗಿಸಬಲ್ಲ ಅಸ್ತ್ರದ ಗುಂಡಿ ಕೂಡ ಸಂಸತ್ತಿನ ಕಾಯ್ದೆಯ ಹೊರಗಿದೆ.

ನಡೆದು ಬಂದ ದಾರಿ

ಇದು ಯಾವುದೋ ಒಂದು ಪಕ್ಷದ ಮೇಲಿನ ದೂರಲ್ಲ. ಎಲ್ಲ ಪಕ್ಷಗಳೂ ಅಧಿಕಾರದಲ್ಲಿದ್ದಾಗ ಇದೇ ದಾರಿಯಲ್ಲಿ ನಡೆದಿವೆ.

1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಸಂಸತ್ತಿನ ಅಧಿವೇಶನವನ್ನು ಬೇಗ ಕರೆಯಿರೆಂದು ಒತ್ತಾಯಿಸಿದವರಲ್ಲಿ ಆಗ ರಾಜ್ಯಸಭೆಯ ಯುವ ಸದಸ್ಯರಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರೂ ಒಬ್ಬರು. ಪ್ರಧಾನಿ ನೆಹರೂ ಒಪ್ಪಿದರು. ನವೆಂಬರ್ 8ರಂದು, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಸದನ ಸೇರಿತು. ಸರ್ಕಾರದ ಸಿದ್ಧತೆಯ ಕೊರತೆಯನ್ನು ಸದಸ್ಯರು ಪ್ರಧಾನಿಯ ಎದುರೇ ಎತ್ತಿ ಆಡಿದರು. ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ ಸಂಪುಟದಿಂದ ಹೊರಹೋಗಬೇಕಾಯಿತು. ಇದರಿಂದ ದೇಶಕ್ಕೆ ನಷ್ಟವಾಗಲಿಲ್ಲ. ಸೋಲಿನ ನಡುವೆಯೂ ಪ್ರಜಾಪ್ರಭುತ್ವ ತಲೆಯೆತ್ತಿ ನಿಂತಿತ್ತು.

1987ರ ಜುಲೈ 29ರಂದು ರಾಜೀವ್ ಗಾಂಧಿಯವರು ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಯಲೆಂದು ನಮ್ಮ ಪಡೆ ಶ್ರೀಲಂಕಾಕ್ಕೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ಜಾಫ್ನಾದಲ್ಲಿ ಯುದ್ಧ ಮಾಡುತ್ತಿತ್ತು. ಶಾಂತಿಪಾಲನೆ ಯುದ್ಧವಾಗಿ ತಿರುಗಿದ ದಿನ, ಮುಂದುವರಿಯಬೇಕೇ ಬೇಡವೇ ಎಂದು ಸಂಸತ್ತಿನ ಮತ ಕೇಳಬೇಕೆಂಬ ಕಟ್ಟುಪಾಡು ಇರಲಿಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮರಳುವ ವೇಳೆಗೆ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಸತ್ತ ತಮಿಳು ನಾಗರಿಕರ ಲೆಕ್ಕ ಬೇರೆ.

1999ರ ಕಾರ್ಗಿಲ್ ಸಮರದ ವೇಳೆ ಲೋಕಸಭೆಯೇ ಇರಲಿಲ್ಲ. ಏಪ್ರಿಲ್‌ನಲ್ಲಿ ಒಂದು ಮತದಿಂದ ಸೋತ ಸರ್ಕಾರ ಉಸ್ತುವಾರಿ ಸರ್ಕಾರವಾಗಿ ಮುಂದುವರಿದಿತ್ತು. ರಾಜ್ಯಸಭೆ ಎಂದಿಗೂ ವಿಸರ್ಜನೆಯಾಗುವುದಿಲ್ಲ. ಅದನ್ನಾದರೂ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದವು. ಕರೆಯಲಿಲ್ಲ. ಆಗ ಪ್ರಧಾನಿಯಾಗಿದ್ದವರು 1962ರಲ್ಲಿ ಅಧಿವೇಶನ ಕೇಳಿದ್ದ ಅದೇ ವಾಜಪೇಯಿ. ಮನುಷ್ಯರ ಸಜ್ಜನಿಕೆಯನ್ನು ನಂಬಿ ಕೂರಬಾರದು, ಕಾನೂನು ಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

2001ರ ಡಿಸೆಂಬರ್‌ನಲ್ಲಿ ಸಂಸತ್ ಭವನದ ಮೇಲೆ ದಾಳಿ ನಡೆದ ಬಳಿಕ ಸೇನೆಯನ್ನು ಗಡಿಯುದ್ದಕ್ಕೂ ನಿಲ್ಲಿಸಲಾಯಿತು. ಸುಮಾರು ಹತ್ತು ತಿಂಗಳು ನಡೆದ ಈ 'ಆಪರೇಷನ್ ಪರಾಕ್ರಮ'ದಲ್ಲಿ ಯುದ್ಧವೇ ಆಗಲಿಲ್ಲ. ಆದರೂ 798 ಸೈನಿಕರು ಪ್ರಾಣ ಕಳೆದುಕೊಂಡರೆಂದು ಸರ್ಕಾರವೇ 2003ರಲ್ಲಿ ಸಂಸತ್ತಿಗೆ ತಿಳಿಸಿತು. ಪಂಜಾಬ್, ರಾಜಸ್ಥಾನ, ಜಮ್ಮು ಗಡಿಯ ರೈತರ ಹೊಲಗಳಲ್ಲಿ ನೆಲಬಾಂಬುಗಳನ್ನು ಹೂಳಲಾಯಿತು. ಬಿತ್ತುವ ನೆಲದಲ್ಲಿ ಸಾವನ್ನು ಬಿತ್ತುವ ಮುನ್ನ ಆ ರೈತನ ಪರವಾಗಿ ಕೈಯೆತ್ತಿ ಮತ ಹಾಕುವ ಅವಕಾಶ ಯಾವ ಸಂಸದನಿಗೂ ಸಿಗಲಿಲ್ಲ.

ಇನ್ನು 2025. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಹತರಾದವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಆ ದುಃಖ, ಆ ಸಿಟ್ಟು ಮಲೆನಾಡಿನದೂ ಹೌದು. ಮೇ 7ರಂದು 'ಆಪರೇಷನ್ ಸಿಂಧೂರ' ಆರಂಭವಾಯಿತು, ಮೇ 10ರಂದು ಕದನ ನಿಂತಿತು. ನಿಂತ ಸುದ್ದಿಯನ್ನು ದೇಶ ಮೊದಲು ಕೇಳಿದ್ದು ಅಮೆರಿಕದ ಅಧ್ಯಕ್ಷರ ಬಾಯಿಂದ. ವಿಶೇಷ ಅಧಿವೇಶನ ಕರೆಯಿರೆಂದು ವಿರೋಧ ಪಕ್ಷಗಳು ಕೇಳಿದವು. ಲೋಕಸಭೆಯಲ್ಲಿ ಚರ್ಚೆ ಆರಂಭವಾದದ್ದು ಜುಲೈ 28ರಂದು, ಮುಂಗಾರು ಅಧಿವೇಶನದಲ್ಲಿ. ಅಣ್ವಸ್ತ್ರ ಹೊಂದಿದ ಎರಡು ದೇಶಗಳು ನಾಲ್ಕು ದಿನ ಕಾದಾಡಿದ್ದನ್ನು ನಮ್ಮ ಪ್ರತಿನಿಧಿಗಳು ಚರ್ಚಿಸಿದ್ದು ಸುಮಾರು ಎಂಬತ್ತು ದಿನಗಳ ಬಳಿಕ.

ತಲೆಕೆಳಗಾದ ತಕ್ಕಡಿ

ಯುದ್ಧದ ಕಾರಣಕ್ಕೆ ತುರ್ತುಪರಿಸ್ಥಿತಿ ಹೇರುವುದಾದರೆ ನಮ್ಮ ಸಂವಿಧಾನ ಬಹಳ ಎಚ್ಚರ ವಹಿಸುತ್ತದೆ. ಆ ಎಚ್ಚರ ಕಹಿ ಅನುಭವದಿಂದ ಬಂದದ್ದು. 1962ರ ಕದನ ಒಂದೇ ತಿಂಗಳಲ್ಲಿ ಮುಗಿದರೂ ಆಗ ಘೋಷಿಸಿದ ತುರ್ತುಪರಿಸ್ಥಿತಿ 1968ರ ಜನವರಿಯವರೆಗೆ ಎಳೆಯಿತು. 1971ರ ಡಿಸೆಂಬರ್ 3ರಂದು ಘೋಷಿಸಿದ್ದು 1977ರವರೆಗೆ ಉಳಿಯಿತು. ಅದರ ಮೇಲೆ 1975ರ ಜೂನ್‌ನಲ್ಲಿ ಇನ್ನೊಂದನ್ನು ಹೇರಲಾಯಿತು. ಆದುದರಿಂದಲೇ 1978ರ 44ನೇ ತಿದ್ದುಪಡಿಯು 352ನೇ ವಿಧಿಯನ್ನು ಬಿಗಿಗೊಳಿಸಿತು. ಸಂಪುಟದ ತೀರ್ಮಾನ ಲಿಖಿತವಾಗಿರಬೇಕು. ಒಂದು ತಿಂಗಳೊಳಗೆ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕು. ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಬೇಕು. ಲೋಕಸಭೆ ವಿಸರ್ಜನೆಯಾಗಿದ್ದರೆ ರಾಜ್ಯಸಭೆ ಒಪ್ಪಬೇಕು, ಹೊಸ ಲೋಕಸಭೆ ಸೇರಿದ ಮೂವತ್ತು ದಿನಗಳೊಳಗೆ ಅದೂ ಒಪ್ಪಬೇಕು.

ಓದುಗ ಮಿತ್ರರೇ, ಈ ತಕ್ಕಡಿಯನ್ನು ನೋಡಿ. ಯುದ್ಧದ ಹೆಸರಿನಲ್ಲಿ ನಮ್ಮ ಹಕ್ಕುಗಳನ್ನು ಅಮಾನತು ಮಾಡಲು ಸಂಸತ್ತಿನ ಒಪ್ಪಿಗೆ ಬೇಕು. ಯುದ್ಧವನ್ನೇ ಮಾಡಲು ಬೇಕಿಲ್ಲ. ಕಾಯಿಲೆಯ ಲಕ್ಷಣಕ್ಕೆ ಮದ್ದು ಅರೆದು ಕಾಯಿಲೆಯನ್ನು ಹಾಗೇ ಬಿಟ್ಟಂತಾಗಿದೆ.

ಆಕ್ಷೇಪಗಳಿಗೆ ಉತ್ತರ

ಯುದ್ಧದಲ್ಲಿ ವೇಗ ಬೇಕು, ಗುಟ್ಟು ಬೇಕು. 543 ಜನರ ಸಭೆಯಲ್ಲಿ ಅದು ಆಗದು ಎಂಬುದು ಮೊದಲ ಆಕ್ಷೇಪ. ಶತ್ರು ಮನೆ ಬಾಗಿಲಿಗೆ ಬಂದಾಗ ಮತ ಎಣಿಸುತ್ತ ಕೂರಿ ಎಂದು ಯಾರೂ ಹೇಳುತ್ತಿಲ್ಲ. ದಾಳಿಯನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ಆದರೆ ಶ್ರೀಲಂಕಾಕ್ಕೆ ಪಡೆ ಕಳಿಸುವಾಗ ಯಾವ ಶತ್ರು ಬಾಗಿಲಿನಲ್ಲಿದ್ದ? ಹತ್ತು ತಿಂಗಳು ಗಡಿಯಲ್ಲಿ ಸೇನೆ ನಿಂತಾಗ ಒಂದು ದಿನದ ಮತದಾನಕ್ಕೆ ಬಿಡುವಿರಲಿಲ್ಲವೇ? ಇನ್ನು ಗುಟ್ಟಿನ ಮಾತು. ಗುಪ್ತ ಕಲಾಪ ನಡೆಸಲು ಲೋಕಸಭೆಯ ನಿಯಮಗಳಲ್ಲೇ ಅವಕಾಶವಿದೆ.

ಸಂಸತ್ತು ಸರ್ಕಾರದ ಕೈ ಕಟ್ಟಿಹಾಕುತ್ತದೆ ಎಂಬುದು ಎರಡನೆಯದು. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿ, ಅಲ್ಲಿಗೆ ಭಾರತದ ಸೈನಿಕರನ್ನು ಕಳಿಸಿರೆಂದು ಕೇಳಿತು. ಅದಕ್ಕೆ ಮೊದಲೇ, ಏಪ್ರಿಲ್‌ನಲ್ಲಿ, ನಮ್ಮ ಲೋಕಸಭೆ ಆ ಯುದ್ಧವನ್ನು ಖಂಡಿಸಿ ಒಮ್ಮತದ ನಿರ್ಣಯ ಮಾಡಿತ್ತು. ಜುಲೈ 14ರಂದು ಸಂಪುಟ ಸಮಿತಿ ಸೈನಿಕರನ್ನು ಕಳಿಸುವುದಿಲ್ಲ ಎಂದು ತೀರ್ಮಾನಿಸಿತು. ಬಲಾಢ್ಯ ರಾಷ್ಟ್ರದ ಎದುರು 'ಇಲ್ಲ' ಎನ್ನಲು ಸರ್ಕಾರಕ್ಕೆ ಬೆನ್ನು ಕೊಟ್ಟದ್ದರಲ್ಲಿ ಸಂಸತ್ತಿನ ಪಾಲೂ ಇದೆ. ಕೈ ಕಟ್ಟುವ ಹಗ್ಗವೇ ಕೆಲವೊಮ್ಮೆ ಬಾವಿಗೆ ಬೀಳದಂತೆ ಹಿಡಿಯುತ್ತದೆ.

ಮೂರನೆಯ ಆಕ್ಷೇಪ ಗಂಭೀರವಾದದ್ದು: ಉನ್ಮಾದದ ಹೊತ್ತಿನಲ್ಲಿ ಸಂಸತ್ತೂ ಯುದ್ಧಕ್ಕೇ ಕೈಯೆತ್ತುತ್ತದೆ. ನಿಜ. 1964ರ ಆಗಸ್ಟ್‌ನಲ್ಲಿ ಅಮೆರಿಕದ ಕಾಂಗ್ರೆಸ್ ವಿಯೆಟ್ನಾಂ ವಿಷಯದಲ್ಲಿ ಅಧ್ಯಕ್ಷರಿಗೆ ಖಾಲಿ ಚೆಕ್ ಬರೆದುಕೊಟ್ಟಿತು. ಎದುರು ಮತ ಹಾಕಿದವರು ಇಬ್ಬರೇ ಸೆನೆಟರುಗಳು. ತಪ್ಪು ತಿಳಿದ ಮೇಲೆ 1973ರಲ್ಲಿ ಅವರು ಮಾಡಿದ ಕಾನೂನಿನಂತೆ ಅಧ್ಯಕ್ಷ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ವರದಿ ಕೊಡಬೇಕು, 60 ದಿನಗಳೊಳಗೆ ಒಪ್ಪಿಗೆ ಸಿಗದಿದ್ದರೆ ಪಡೆಗಳನ್ನು ಹಿಂದೆ ಕರೆಯಬೇಕು. ಅಧ್ಯಕ್ಷರು ಅದನ್ನು ಪದೇಪದೇ ಜಾರಿಸಿದ್ದಾರೆ. ಆದರೆ 2013ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆ ಸಿರಿಯಾ ಮೇಲಿನ ದಾಳಿಯ ಪ್ರಸ್ತಾಪವನ್ನು 285-272 ಮತಗಳಿಂದ ಸೋಲಿಸಿತು, ಪ್ರಧಾನಿ ತಲೆಬಾಗಿದರು. ಜರ್ಮನಿಯಲ್ಲಿ 2005ರ ಕಾಯ್ದೆಯಂತೆ ಸಂಸತ್ತು ಒಪ್ಪದೆ ಸೇನೆ ಪರದೇಶದ ಕಾರ್ಯಾಚರಣೆಗೆ ಹೋಗುವಂತಿಲ್ಲ. ಕಟ್ಟೆ ಕಟ್ಟಿದರೂ ಕೆಲವೊಮ್ಮೆ ಹೊಳೆ ಉಕ್ಕುತ್ತದೆ ಎಂದು ಯಾರೂ ಕಟ್ಟೆಯನ್ನೇ ಒಡೆಯುವುದಿಲ್ಲ.

ಈ ಪ್ರಶ್ನೆಯೇ ಸೈನಿಕರಿಗೆ ಅವಮಾನ ಎಂಬುದು ಕೊನೆಯ ಆಕ್ಷೇಪ. ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿನ ರಸ್ತೆಯಿದೆ. 2008ರ ನವೆಂಬರ್‌ನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಒತ್ತೆಯಾಳುಗಳನ್ನು ಬಿಡಿಸುತ್ತ ಅವರು ಪ್ರಾಣ ಕೊಟ್ಟರು. ಆ ದಾಳಿಯ ನಂತರ ಅಂದಿನ ಸರ್ಕಾರ ಸೇನಾ ಪ್ರತಿದಾಳಿ ಬೇಡವೆಂದಿತು. 2016, 2019, 2025ರಲ್ಲಿ ಇಂದಿನ ಸರ್ಕಾರ ಬೇಕೆಂದಿತು. ಯಾವುದು ಸರಿ ಎಂದು ಇಲ್ಲಿ ವಾದಿಸುತ್ತಿಲ್ಲ. ಬೇಡವೆಂದದ್ದೂ ಬೇಕೆಂದದ್ದೂ ನಾಲ್ಕಾರು ಮಂದಿ ಎಂಬುದಷ್ಟೇ ಇಲ್ಲಿನ ಮಾತು. ಆಜ್ಞೆಗೆ ಎದುರಾಡದೆ ಸಾವಿಗೆ ಎದೆಯೊಡ್ಡುವ ಸೈನಿಕನಿಗೆ, ಆ ಆಜ್ಞೆಯನ್ನು ಇಡೀ ದೇಶ ತೂಗಿ ನೋಡಿ ಕೊಟ್ಟಿದೆ ಎಂಬ ಭರವಸೆ ಕೊಡುವುದೇ ನಿಜವಾದ ಗೌರವ.

ರಕ್ಷಣೆಯ ಮುದ್ರೆ ಮತ್ತು ನಮ್ಮ ಬೆಟ್ಟಗಳು

'ದೇಶರಕ್ಷಣೆ' ಎಂಬ ಮುದ್ರೆ ಬಿದ್ದ ಕೂಡಲೇ ಪ್ರಶ್ನೆಗಳು ಹೇಗೆ ಬಾಯಿ ಮುಚ್ಚುತ್ತವೆ ಎಂಬುದು ನಮಗೆ ಹೊಸದಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕರಾವಳಿಯ ಜನ ಮನೆ, ಗದ್ದೆ, ಕಡಲನ್ನು ಬಿಟ್ಟರು. ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಸವೆಸಿದರು. 2006ರ ಪರಿಸರ ಪರಿಣಾಮ ಅಧಿಸೂಚನೆಯು ರಕ್ಷಣಾ ಯೋಜನೆಗಳನ್ನು ಅಹವಾಲು ಸಭೆಯಿಂದ ಹೊರಗಿಟ್ಟಿದೆ. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿಯು ಗಡಿಯಿಂದ 100 ಕಿಲೋಮೀಟರ್ ಒಳಗಿನ ಆಯಕಟ್ಟಿನ ರಸ್ತೆ, ರೈಲು ಮುಂತಾದ ಯೋಜನೆಗಳಿಗೂ, ಭದ್ರತಾ ಕಟ್ಟಡಗಳಿಗೆ ಬೇಕಾದ 10 ಹೆಕ್ಟೇರ್‌ವರೆಗಿನ ಕಾಡಿಗೂ ವಿನಾಯಿತಿ ಕೊಡುತ್ತದೆ. ಮೊದಲನೆಯದು ಹಿಮಾಲಯದ, ಈಶಾನ್ಯದ ಬೆಟ್ಟಗಳ ಪಾಡು. ಎರಡನೆಯದು ಸಹ್ಯಾದ್ರಿಗೂ ತಟ್ಟಬಹುದು. ಯುದ್ಧದ ವಿಷಯದಲ್ಲಿ ಕಾರ್ಯಾಂಗವನ್ನು ಕೇಳುವವರಿಲ್ಲದಿದ್ದರೆ, ಯುದ್ಧದ ಸಿದ್ಧತೆಯ ವಿಷಯದಲ್ಲೂ ಕೇಳುವವರಿರುವುದಿಲ್ಲ.

ನಮ್ಮ ಬೇಡಿಕೆ

53ನೇ ವಿಧಿ ಕೇಳಿರುವ ಕಾನೂನನ್ನು ಸಂಸತ್ತು ಮಾಡಲಿ. ಸೇನೆಯನ್ನು ಪರದೇಶದಲ್ಲಿ ಯುದ್ಧಕ್ಕೆ ಕಳಿಸುವ ಮುನ್ನ ಎರಡೂ ಸದನಗಳ ಒಪ್ಪಿಗೆ ಇರಲಿ. ದೇಶದ ಮೇಲೆ ಹಠಾತ್ ದಾಳಿಯಾದರೆ ಸರ್ಕಾರ ಕೂಡಲೇ ಎದುರಿಸಲಿ. ಆದರೆ ಏಳು ದಿನಗಳೊಳಗೆ ಅಧಿವೇಶನ ಕರೆದು ಕಾರಣಗಳನ್ನು ಮಂಡಿಸಲಿ, ಒಂದು ತಿಂಗಳೊಳಗೆ ಒಪ್ಪಿಗೆ ಪಡೆಯಲಿ. ಲೋಕಸಭೆ ಇಲ್ಲದಿದ್ದರೆ 352ನೇ ವಿಧಿಯಂತೆ ರಾಜ್ಯಸಭೆ ಸೇರಲಿ. 1985ರ ಪಕ್ಷಾಂತರ ನಿಷೇಧ ಕಾನೂನಿನ ವಿಪ್ ಈ ಒಂದು ಮತಕ್ಕೆ ಅನ್ವಯಿಸದಿರಲಿ. ಯುದ್ಧದ ಮತ ಆತ್ಮಸಾಕ್ಷಿಯ ಮತವಾಗಿರಲಿ. ಯುದ್ಧ ಮುಗಿದ ಮೇಲೆ ತನಿಖಾ ವರದಿ ನಿಗದಿತ ಅವಧಿಯಲ್ಲಿ ಜನರ ಮುಂದೆ ಬರಲಿ. 1962ರ ಸೋಲಿನ ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು 1963ರಲ್ಲೇ ಬರೆಯಲಾಗಿತ್ತು. ಅದನ್ನು ಪೂರ್ತಿಯಾಗಿ ಪ್ರಕಟಿಸುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಕುಡಿಯುವ ನೀರಿನ ಮಾತು ಮುಗಿದ ಮೇಲೆ ಈ ವಿಷಯವನ್ನೂ ಎತ್ತಿ, ನಿರ್ಣಯ ಮಾಡಿ ನಿಮ್ಮ ಸಂಸದರಿಗೆ ಕಳಿಸಿ. ವಿದ್ಯಾರ್ಥಿಗಳು ತಮ್ಮ ಹಾಸ್ಟೆಲುಗಳಲ್ಲಿ, ಕಾಲೇಜುಗಳಲ್ಲಿ ಚರ್ಚೆ ಏರ್ಪಡಿಸಲಿ. ಮತ ಕೇಳಲು ಬರುವ ಪ್ರತಿ ಅಭ್ಯರ್ಥಿಗೂ ಒಂದೇ ಪ್ರಶ್ನೆ ಹಾಕಿ: ನಮ್ಮ ಮಕ್ಕಳನ್ನು ಯುದ್ಧಕ್ಕೆ ಕಳಿಸುವ ದಿನ ನೀವು ಸದನದಲ್ಲಿ ಕುಳಿತು ಹೌದು ಅಥವಾ ಅಲ್ಲ ಎಂದು ಹೇಳುತ್ತೀರೋ, ಮರುದಿನದ ಪತ್ರಿಕೆ ಓದಿ ತಿಳಿದುಕೊಳ್ಳುತ್ತೀರೋ?